ಕೊಳ್ಳುವ ಮೊದಲು ಕಣ್ಣಿಗಿಟ್ಟು ನೋಡಿ: ಹಕ್ಕಿ ನೋಡುವ ದುರ್ಬೀನನ್ನು ಎಲ್ಲಿ, ಹೇಗೆ ಪರೀಕ್ಷಿಸುವುದು

ಅಂಗಡಿಯ ಕೌಂಟರಿನ ಬಳಿ ನಿಂತು ನೋಡಿದರೆ ಬಹುಪಾಲು ಬೈನಾಕ್ಯುಲರ್‌ಗಳು ಚೆನ್ನಾಗಿಯೇ ಕಾಣುತ್ತವೆ. ಎದುರಿಗೆ ಹತ್ತು ಮೀಟರ್ ದೂರದ ಗೋಡೆ, ತಲೆಯ ಮೇಲೆ ಸಮನಾಗಿ ಬೀಳುವ ಬಿಳಿ ಬೆಳಕು, ಅಲ್ಲಾಡದೆ ನೇತುಬಿದ್ದ ಕ್ಯಾಲೆಂಡರ್: ಈ ಮೂರೂ ಸೇರಿದ ಕಡೆ ಸಾಧಾರಣ ಗಾಜಿನ ದೋಷ ಹೊರಗೆ ಬರುವುದಿಲ್ಲ. ಹಕ್ಕಿ ಇರುವುದು ಹಾಗಲ್ಲ. ಅದು ಬೆಳ್ಳನೆಯ ಆಕಾಶದ ಮುಂದೆ ಕಪ್ಪಾಗಿ ಕೂತಿರುತ್ತದೆ, ಹೊತ್ತು ಮುಳುಗುವಾಗ ಪೊದೆಯೊಳಗೆ ನುಸುಳುತ್ತದೆ, ಮೂರು ಮೀಟರಿನಿಂದ ಮುನ್ನೂರು ಮೀಟರಿಗೆ ಒಂದೇ ಗುಕ್ಕಿಗೆ ಹಾರುತ್ತದೆ. ಹಾಗಾಗಿ ಪರೀಕ್ಷೆಗೆ ಜಾಗ ಹುಡುಕುವಾಗ ‘ಇಲ್ಲಿ ಎಷ್ಟು ಮಾದರಿಗಳಿವೆ’ ಎಂಬುದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು ‘ಇಲ್ಲಿ ಯಾವ ದೋಷ ಕಣ್ಣಿಗೆ ಬೀಳುತ್ತದೆ, ಯಾವುದು ಬೀಳುವುದಿಲ್ಲ’ ಎಂಬ ಪ್ರಶ್ನೆ. ಪ್ರತಿ ಜಾಗವೂ ಏನನ್ನೋ ತೋರಿಸುತ್ತದೆ, ಏನನ್ನೋ ಮುಚ್ಚುತ್ತದೆ.

ಇಂಟರ್ನೆಟ್ಟಿನ ವಿಮರ್ಶೆಗಳನ್ನು ಓದುವುದರಲ್ಲಿ ತಪ್ಪಿಲ್ಲ. ಆದರೆ ವಿಮರ್ಶೆ ಬರೆದವರ ಎರಡು ಕಣ್ಣುಗಳ ನಡುವಿನ ಅಂತರ, ಮೂಗಿನ ಅಗಲ, ಕನ್ನಡಕದ ದಪ್ಪ, ಬೆರಳಿನ ಉದ್ದ ಯಾವುದೂ ನಿಮ್ಮದಲ್ಲ. ತುಂಬಾ ಹೊಗಳಿಸಿಕೊಂಡ ದುರ್ಬೀನು ನಿಮ್ಮ ಮುಖಕ್ಕೆ ಕೂರದಿದ್ದರೆ ಅದರ ಗಾಜು ಎಷ್ಟು ಚೆಂದವಿದ್ದರೂ ನಿಮಗೆ ಪ್ರಯೋಜನವಿಲ್ಲ.

ಎಲ್ಲೆಲ್ಲಿ ಹುಡುಕಬೇಕು

ಮೊದಲ ಆಯ್ಕೆ ಪಕ್ಷಿಧಾಮ ಅಥವಾ ಕೆರೆ, ಜೌಗುಪ್ರದೇಶಗಳ ಪಕ್ಕದಲ್ಲಿರುವ ಆಪ್ಟಿಕ್ಸ್, ಅಂದರೆ ದುರ್ಬೀನಿನಂಥ ಸಲಕರಣೆಗಳ ಅಂಗಡಿ ಇಲ್ಲವೇ ಮಾಹಿತಿ ಕೇಂದ್ರದ ಮಳಿಗೆ. ಇಂಥ ಕಡೆ ಬಾಗಿಲು ದಾಟಿದರೆ ನೀರು, ಜೊಂಡು, ದೂರದ ಮರ, ನಿಜವಾದ ಹಕ್ಕಿ ಎಲ್ಲವೂ ಇರುತ್ತವೆ. ಮಾರುವವರೂ ಹೆಚ್ಚಾಗಿ ಹಕ್ಕಿ ನೋಡುವವರೇ ಆಗಿರುವುದರಿಂದ ‘ಇದನ್ನು ಹಿಡಿದು ಹತ್ತು ನಿಮಿಷ ಹೊರಗೆ ನಿಲ್ಲುತ್ತೇನೆ’ ಎಂದರೆ ಹುಬ್ಬು ಗಂಟಿಕ್ಕುವುದಿಲ್ಲ. ಕೆಲವು ಧಾಮಗಳಲ್ಲಿ ವರ್ಷದಲ್ಲಿ ಕೆಲವು ದಿನ ತಯಾರಕರ ಪ್ರತಿನಿಧಿಗಳೇ ತಮ್ಮ ಪೂರ್ತಿ ಶ್ರೇಣಿಯನ್ನು ತಂದು ಮೇಜಿನ ಮೇಲೆ ಇಡುತ್ತಾರೆ. ಅಂಥ ದಿನಗಳ ವಿವರ ಧಾಮದ ಕಾರ್ಯಕ್ರಮ ಪಟ್ಟಿಯಲ್ಲಿ ಇರುತ್ತದೆ, ಇಲ್ಲವಾದರೆ ತಯಾರಕರ ಗ್ರಾಹಕ ವಿಭಾಗಕ್ಕೆ ಒಂದು ಇಮೇಲ್ ಬರೆದು ಕೇಳಬಹುದು.

ಎರಡನೆಯದು ಹಕ್ಕಿ ಮೇಳಗಳು. ಇಂಗ್ಲೆಂಡಿನ ರಟ್ಲೆಂಡ್ ವಾಟರ್ ಜಲಾಶಯದ ದಂಡೆಯಲ್ಲಿ 1989ರಿಂದ 2019ರವರೆಗೆ ನಡೆದ ಮೇಳ ಇದಕ್ಕೆ ದೊಡ್ಡ ಮಾದರಿ. ಆಪ್ಟಿಕ್ಸ್‌ಗೆಂದೇ ಪ್ರತ್ಯೇಕ ಡೇರೆ, ಅದರಾಚೆಗೆ ಬಯಲು. 2022ರಿಂದ ಅದರ ಜಾಗದಲ್ಲಿ ಗ್ಲೋಬಲ್ ಬರ್ಡ್‌ಫೇರ್ ಎಂಬ ಹೊಸ ಮೇಳ ಅದೇ ಸೀಮೆಯಲ್ಲಿ ನಡೆಯುತ್ತಿದೆ. ವಲಸೆಯ ಹೊತ್ತಿನಲ್ಲಿ ಬೇರೆ ದೇಶಗಳಲ್ಲೂ ಇಂಥ ಚಿಕ್ಕ ದೊಡ್ಡ ಮೇಳಗಳಿವೆ. ಎಂಟು ಹತ್ತು ಬ್ರ್ಯಾಂಡ್‌ಗಳ ಒಂದೇ ಅಳತೆಯ ಮಾದರಿಗಳನ್ನು ಅರ್ಧ ಗಂಟೆಯ ಒಳಗೆ ಪಕ್ಕಪಕ್ಕದಲ್ಲಿ ಹಿಡಿದು ನೋಡುವ ಅವಕಾಶ ಮೇಳದಲ್ಲಿ ಸಿಕ್ಕಷ್ಟು ಬೇರೆಲ್ಲೂ ಸಿಗುವುದಿಲ್ಲ. ಆದರೆ ಮೇಳಕ್ಕೂ ಮಿತಿಯಿದೆ. ಮಧ್ಯಾಹ್ನ ನೂಕುನುಗ್ಗಲು, ಕೈಯಲ್ಲಿ ಹಿಡಿದದ್ದನ್ನು ಹಿಂದೆ ನಿಂತವರು ಕಾಯುತ್ತಿರುತ್ತಾರೆ, ಬಯಲು ಕಾದು ಬಿಸಿಗಾಳಿ ಕುಣಿಯುತ್ತದೆ, ಮುಸ್ಸಂಜೆಯ ಬೆಳಕು ಬರುವಷ್ಟರಲ್ಲಿ ಮಳಿಗೆಗಳು ಮುಚ್ಚಿರುತ್ತವೆ. ಬಾಗಿಲು ತೆರೆದ ಮೊದಲ ಗಂಟೆಯಲ್ಲಿ ಹೋಗಿ, ಡೇರೆಯ ಒಳಗಲ್ಲ, ಅಂಚಿಗೆ ಬಂದು ಹೊರಗೆ ನೋಡಿ.

ಮೂರನೆಯದು ಹಕ್ಕಿ ನೋಡುವವರ ಸಂಘದ ವಾರಾಂತ್ಯದ ನಡಿಗೆ. ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಹದಿನೈದು ಜನರ ಗುಂಪಿನಲ್ಲಿ ಎಂಟು ಹತ್ತು ಬಗೆಯ ದುರ್ಬೀನು ಇರುತ್ತವೆ. ಅವು ಐದಾರು ವರ್ಷ ಮಳೆ, ಧೂಳು ಕಂಡಿರುತ್ತವೆ. ಫೋಕಸ್ ಚಕ್ರ ಸಡಿಲವಾಗಿದೆಯೇ, ರಬ್ಬರ್ ಕವಚ ಬಿಟ್ಟುಕೊಂಡಿದೆಯೇ, ಐಕಪ್ (ಕಣ್ಣಿಗೆ ಒತ್ತುವ ತುದಿಯ ಬಟ್ಟಲು) ನಿಂತಲ್ಲಿ ನಿಲ್ಲುತ್ತದೆಯೇ, ರಿಪೇರಿಗೆ ಕಳಿಸಿದಾಗ ಎಷ್ಟು ದಿನ ಹಿಡಿಯಿತು ಎಂಬುದನ್ನು ಹೊಸ ಮಾದರಿ ಹೇಳದು, ಹಳೆಯದನ್ನು ಬಳಸುವವರು ಹೇಳುತ್ತಾರೆ. ಕೇಳುವುದಕ್ಕೂ ಒಂದು ಕ್ರಮವಿದೆ. ಹಕ್ಕಿ ಕಂಡ ಕ್ಷಣದಲ್ಲಿ ಕೇಳಬೇಡಿ, ಎಲ್ಲರೂ ಕೂತ ವಿರಾಮದಲ್ಲಿ ಕೇಳಿ. ಕೈಗೆ ಬಂದ ಕೂಡಲೇ ಪಟ್ಟಿಯನ್ನು ಕೊರಳಿಗೆ ಹಾಕಿಕೊಳ್ಳಿ. ಡಯಾಪ್ಟರ್ (ಎರಡು ಕಣ್ಣುಗಳ ನಡುವಿನ ವ್ಯತ್ಯಾಸ ಸರಿದೂಗಿಸುವ ಉಂಗುರ) ಎಲ್ಲಿ ನಿಂತಿತ್ತು ಎಂದು ನೋಡಿಕೊಂಡು, ಕೇಳಿ ತಿರುಗಿಸಿ, ಕೊಡುವಾಗ ಅದೇ ಜಾಗಕ್ಕೆ ತಂದಿಡಿ. ಸೊಳ್ಳೆ ಓಡಿಸುವ ಮುಲಾಮು ಹಚ್ಚಿದ ಕೈಯಲ್ಲಿ ಮುಟ್ಟಲೇಬೇಡಿ. ಅದರಲ್ಲಿರುವ ಡೀಟ್ ಹಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಹಾಳುಗೆಡವುತ್ತದೆ.

ಸ್ಪಾಟಿಂಗ್ ಸ್ಕೋಪ್ (ಟ್ರೈಪಾಡ್ ಮೇಲೆ ಕೂರಿಸಿ ಒಂದೇ ಕಣ್ಣಿನಲ್ಲಿ ನೋಡುವ ದೂರದರ್ಶಕ) ಬೇಕಿದ್ದವರಿಗೆ ಕೆರೆ ದಂಡೆಯ ವೀಕ್ಷಣಾ ಗುಡಿಸಲು ಒಳ್ಳೆಯ ಜಾಗ. ವಲಸೆ ಹಕ್ಕಿಗಳ ಕಾಲದಲ್ಲಿ ಅಲ್ಲಿ ಮೂರು ನಾಲ್ಕು ಸ್ಕೋಪ್ ಸಾಲಾಗಿ ನಿಂತಿರುತ್ತವೆ, ಒಂದೇ ಉಲ್ಲಂಕಿಯನ್ನು ನಾಲ್ಕರಲ್ಲೂ ನೋಡಿದರೆ ನಾಲ್ಕು ಪುಟ ವಿಮರ್ಶೆ ಓದಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ. ಹಕ್ಕಿ ತೋರಿಸುವ ಗೈಡ್‌ಗಳೂ ಸ್ಕೋಪ್ ಹೊತ್ತಿರುತ್ತಾರೆ. ಕೆಲವು ವನ್ಯಜೀವಿ ವಸತಿಗಳು ಅತಿಥಿಗಳಿಗೆ ಬೈನಾಕ್ಯುಲರ್ ಎರವಲು ಕೊಡುತ್ತವೆ. ಕ್ಯಾಮೆರಾ ಬಾಡಿಗೆಗೆ ಕೊಡುವ ಕಡೆ ಕೆಲವೊಮ್ಮೆ ಬೈನಾಕ್ಯುಲರ್, ಸ್ಕೋಪ್‌ಗಳೂ ಇರುತ್ತವೆ. ತೂಕ, ಆಯಾಸ, ಮಸುಕು ಬೆಳಕು ಇವುಗಳನ್ನು ಅಳೆಯಲು ಎರಡು ದಿನದ ಬಾಡಿಗೆಗಿಂತ ಒಳ್ಳೆಯ ದಾರಿ ಕಡಿಮೆ.

ಖಗೋಳ ಹವ್ಯಾಸಿಗಳ ಗುಂಪು ಹಲವರಿಗೆ ಹೊಳೆಯದ ಜಾಗ. ಕಪ್ಪು ಆಕಾಶದ ನಕ್ಷತ್ರಕ್ಕಿಂತ ನಿರ್ದಾಕ್ಷಿಣ್ಯ ಪರೀಕ್ಷಕ ಬೇರೆ ಇಲ್ಲ. ಚುಕ್ಕಿಯಾಗಿ ಕಾಣಬೇಕಾದದ್ದು ನೋಟದ ಅಂಚಿಗೆ ಹೋದಂತೆ ಎಷ್ಟು ಬೇಗ ಬಾಲ ಬೆಳೆಸಿಕೊಳ್ಳುತ್ತದೆ, ಎರಡು ಕೊಳವೆಗಳು ಒಂದೇ ಕಡೆ ನೋಡುತ್ತಿವೆಯೇ, ಚಂದ್ರನ ಅಂಚಿನಲ್ಲಿ ನೇರಳೆ ಗೆರೆ ಎಷ್ಟು ದಪ್ಪ ಎಂಬುದೆಲ್ಲ ಅಲ್ಲಿ ಬಯಲಾಗುತ್ತದೆ. ಆದರೆ ಖಗೋಳದವರು ಮೆಚ್ಚುವ ಎಲ್ಲವೂ ಹಕ್ಕಿಗೆ ಒಗ್ಗುವುದಿಲ್ಲ. ಅವರಲ್ಲಿ ಮತ್ತು ದೋಣಿ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುವ ಕೆಲವು 7×50 (7 ಪಟ್ಟು ಹಿಗ್ಗಿಸುವ, ಮುಂದಿನ ಲೆನ್ಸ್ 50 ಮಿಲಿಮೀಟರ್ ಅಗಲದ) ಮಾದರಿಗಳಲ್ಲಿ ಎರಡು ಐಪೀಸನ್ನೂ, ಅಂದರೆ ಕಣ್ಣಿನ ಕಡೆಯ ಲೆನ್ಸುಗಳನ್ನೂ, ಬೇರೆ ಬೇರೆಯಾಗಿ ತಿರುಗಿಸಿ ಫೋಕಸ್ ಮಾಡಬೇಕು. ಕೊಂಬೆಯಿಂದ ಕೊಂಬೆಗೆ ಹಾರುವ ಹಕ್ಕಿಯ ಹಿಂದೆ ಹೋಗುವವರಿಗೆ ಅದು ಆಗದ ಕೆಲಸ.

ಹತ್ತಿರದಲ್ಲಿ ಇದ್ಯಾವುದೂ ಇಲ್ಲದಿದ್ದರೆ ಕ್ಯಾಮೆರಾ ಅಂಗಡಿಗೆ ಹೋಗಿ. ಅದೂ ಇಲ್ಲದಿದ್ದರೆ ಹಿಂದಿರುಗಿಸುವ ಅವಕಾಶವಿರುವ ಆನ್‌ಲೈನ್ ಮಾರಾಟವನ್ನೇ ಪರೀಕ್ಷೆಯ ಜಾಗವಾಗಿ ಮಾಡಿಕೊಳ್ಳಬಹುದು, ಅದರ ಕ್ರಮವನ್ನು ಮುಂದೆ ಹೇಳಿದೆ. ದೊಡ್ಡ ಮಾಲ್‌ನ ಮೇಲಿನ ಮಹಡಿಯಲ್ಲಿ ಗಾಜಿನ ಕಿಟಕಿಯಿಂದ ಆಚೆಗೆ ನೋಡಿ ತೀರ್ಮಾನಿಸುವುದು ಮಾತ್ರ ಬೇಡವೇ ಬೇಡ. ಕಿಟಕಿ ಗಾಜು ಲೆನ್ಸಿನಷ್ಟು ನಿಖರವಾಗಿರುವುದಿಲ್ಲ. ಬರಿಗಣ್ಣಿಗೆ ಕಾಣದ ಅದರ ಅಲೆ 8 ಪಟ್ಟು ಹಿಗ್ಗಿದಾಗ ಚಿತ್ರವನ್ನು ಮೆದುವಾಗಿಸುತ್ತದೆ, ಸ್ಕೋಪಿನ 30 ಪಟ್ಟಿನಲ್ಲಿ ಕೆಡಿಸಿಯೇ ಬಿಡುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಹೆಚ್ಚು. ಒಳ್ಳೆಯ ಸ್ಕೋಪನ್ನು ಈ ಒಂದೇ ಕಾರಣಕ್ಕೆ ತಿರಸ್ಕರಿಸಿ ಬರುವವರು ಬಹಳ.

ಹೊರಡುವ ಮೊದಲು ಒಂದು ಫೋನ್

ಫೋನಿನಲ್ಲಿ ಕೇಳಬೇಕಾದದ್ದು ಇಷ್ಟು: ನೀವು ಬಯಸುವ ಮಾದರಿ ಈಗ ಕೈಗೆ ಸಿಗುವಂತೆ ಇದೆಯೇ, ಅಥವಾ ಬರೀ ತರಿಸಿಕೊಡುತ್ತಾರೆಯೇ. ಬಾಗಿಲ ಹೊರಗೆ ಒಯ್ಯಲು ಬಿಡುತ್ತಾರೆಯೇ, ಅದಕ್ಕೆ ಗುರುತಿನ ಚೀಟಿ ಇಡಬೇಕೇ. ಹೊರಗೆ ನಿಂತರೆ ಕನಿಷ್ಠ ಇನ್ನೂರು ಮೀಟರ್ ದೂರ ಕಾಣುತ್ತದೆಯೇ. ಸ್ಕೋಪ್ ಆದರೆ ಗಟ್ಟಿ ಟ್ರೈಪಾಡ್ ಇದೆಯೇ. ಸೂರ್ಯಾಸ್ತದ ಹೊತ್ತಿಗೆ ತೆರೆದಿರುತ್ತದೆಯೇ. ಪರೀಕ್ಷಿಸಿದ ಅದೇ ತುಣುಕನ್ನು, ಅಂದರೆ ಕೈಯಲ್ಲಿ ಹಿಡಿದು ನೋಡಿದ ಅದೇ ದುರ್ಬೀನನ್ನು ಕೊಡುತ್ತಾರೆಯೇ, ಡಬ್ಬಿಯಲ್ಲಿರುವ ಬೇರೆಯದನ್ನೇ. ವಾರದ ನಡುವಿನ ದಿನ, ಜನ ಕಡಿಮೆ ಇರುವ ಹೊತ್ತು ಯಾವುದು ಎಂದೂ ಕೇಳಿಟ್ಟುಕೊಳ್ಳಿ. ಶನಿವಾರ ಸಂಜೆಯ ಜಂಗುಳಿಯಲ್ಲಿ ಯಾವ ಅಂಗಡಿಯವರೂ ನಿಮಗೆ ಮುಕ್ಕಾಲು ಗಂಟೆ ಕೊಡಲಾರರು.

ಜೊತೆಗೆ ಒಯ್ಯಬೇಕಾದವು: ಕಾಡಿಗೆ ಹೋಗುವಾಗ ಹಾಕುವ ಅದೇ ಕನ್ನಡಕ, ಅದೇ ಟೋಪಿ, ಚಳಿಯಲ್ಲಿ ಗವಸು ಹಾಕುವವರಾದರೆ ಗವಸು, ಈಗ ಬಳಸುತ್ತಿರುವ ದುರ್ಬೀನು ಇದ್ದರೆ ಅದು, ಒಂದು ಸಣ್ಣ ಅಕ್ಷರದ ಮುದ್ರಿತ ಹಾಳೆ, ಅಂಟುಪಟ್ಟಿ, ಮೃದು ಬಟ್ಟೆ, ನೋಟ್‌ಬುಕ್. ಹಳೆಯ ದುರ್ಬೀನು ಎಷ್ಟೇ ಕಳಪೆಯಾಗಿದ್ದರೂ ಒಯ್ಯಿರಿ. ಹೊಸದರ ಗುಣವನ್ನು ಕಣ್ಣು ಅಳೆಯುವುದು ಪರಿಚಿತವಾದದ್ದರ ಪಕ್ಕದಲ್ಲಿಟ್ಟೇ. ನೇತ್ರತಜ್ಞರು ಕನ್ನಡಕ ಮಾಡುವಾಗ ಅಳೆದ ಪಾಪೆಗಳ ನಡುವಿನ ಅಂತರ ಗೊತ್ತಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಬಹಳಷ್ಟು ಪೂರ್ಣ ಗಾತ್ರದ ಬೈನಾಕ್ಯುಲರ್‌ಗಳು ಸುಮಾರು 56ರಿಂದ 74 ಮಿಲಿಮೀಟರ್‌ವರೆಗೆ ಮಡಚಿಕೊಳ್ಳುತ್ತವೆ. ನಿಮ್ಮದು 56ಕ್ಕಿಂತ ಕಡಿಮೆಯಿದ್ದರೆ, ಮಕ್ಕಳಿಗೂ ಮುಖ ಕಿರಿದಾಗಿರುವ ದೊಡ್ಡವರಿಗೂ ಹೀಗಿರುವುದುಂಟು, ಹಲವು ಮಾದರಿಗಳು ಅಲ್ಲಿಗೇ ಬಿದ್ದುಹೋಗುತ್ತವೆ. ಅಂಥವರು ಇನ್ನಷ್ಟು ಒಳಕ್ಕೆ ಮಡಚುವ ಸಣ್ಣ ಮಾದರಿಗಳನ್ನು ಕೇಳಬೇಕು.

ಮೊದಲ ಐದು ನಿಮಿಷ: ಮುಖಕ್ಕೆ ಕೂರುತ್ತದೆಯೇ

ಈ ಭಾಗವನ್ನು ಅಂಗಡಿಯೊಳಗೇ ಮುಗಿಸಬಹುದು. ಎಂಟು ಮಾದರಿ ಎದುರಿಗಿದ್ದರೆ ಮೂರಕ್ಕೆ ಇಳಿಸುವುದು ಇಲ್ಲೇ. ಎಂಟನ್ನೂ ಹೊತ್ತುಕೊಂಡು ಹೊರಗೆ ಹೋದರೆ ಐದಾರನೆಯದರ ಹೊತ್ತಿಗೆ ಕಣ್ಣು ಸೋತು ಎಲ್ಲವೂ ಒಂದೇ ಥರ ಕಾಣತೊಡಗುತ್ತವೆ.

ನೋಡುವ ಮೊದಲು ಗಾಜು ಒರೆಸಿ. ಪ್ರದರ್ಶನಕ್ಕಿಟ್ಟ ತುಣುಕಿನ ಐಪೀಸ್ ಮೇಲೆ ನೂರಾರು ಜನರ ರೆಪ್ಪೆಯ ಜಿಡ್ಡು ಇರುತ್ತದೆ. ಅದು ಚಿತ್ರಕ್ಕೆ ಮಂಜಿನ ತೆರೆ ಎಳೆಯುತ್ತದೆ, ದೋಷ ಗಾಜಿನದೆಂದು ನಾವು ತಿಳಿಯುತ್ತೇವೆ. ಕೇಳಿಕೊಂಡು, ಮೊದಲು ಧೂಳು ಊದಿ, ಆಮೇಲೆ ಬಟ್ಟೆಯಿಂದ ಹಗುರಾಗಿ ಒರೆಸಿ.

ಕನ್ನಡಕ ಹಾಕಿಕೊಂಡೇ ನೋಡುವವರು ಐಕಪ್ ಪೂರ್ತಿ ಇಳಿಸಿ, ಹಾಕಿಕೊಳ್ಳದವರು ಪೂರ್ತಿ ಎತ್ತಿ. ಎರಡು ಕೊಳವೆಗಳನ್ನು ಮಡಚುತ್ತಾ ಬಿಚ್ಚುತ್ತಾ ಎರಡು ವೃತ್ತಗಳು ಒಂದೇ ದುಂಡಾಗಿ ಸೇರುವ ಜಾಗ ಹುಡುಕಿ. ಈಗ ನೋಟದ ಸುತ್ತ ಕಪ್ಪು ಅಂಚಿನ ಗೆರೆ ಸ್ಪಷ್ಟವಾಗಿ ಕಾಣಬೇಕು. ಕಾಣದೆ, ಕೊಳವೆಯೊಳಗಿಂದ ನೋಡಿದಂತೆ ನೋಟ ಕಿರಿದಾದರೆ ಕಣ್ಣು ಬಹಳ ಹಿಂದಿದೆ ಎಂದರ್ಥ. ಕನ್ನಡಕದವರಿಗೆ ಐ ರಿಲೀಫ್ ಎಂಬ ಅಳತೆ (ಪೂರ್ತಿ ನೋಟ ಸಿಗಲು ಐಪೀಸ್ ಗಾಜಿನಿಂದ ಕಣ್ಣು ಇರಬೇಕಾದ ದೂರ) ಕನಿಷ್ಠ 15 ಮಿಲಿಮೀಟರ್ ಬೇಕು, ದಪ್ಪ ಕನ್ನಡಕಕ್ಕೆ 17, 18 ಇದ್ದರೆ ನೆಮ್ಮದಿ. ಆದರೆ ಐಕಪ್ ಇಳಿಸಿದ ಮೇಲೂ ಅದರ ಅಂಚು ಗಾಜಿಗಿಂತ ಎತ್ತರದಲ್ಲಿದ್ದರೆ ಕಾಗದದ ಮೇಲಿನ 17 ನಿಮಗೆ ಸಿಗುವುದು 14 ಆಗಬಹುದು. ಅದಕ್ಕೇ ಕಣ್ಣಿಗಿಟ್ಟು ನೋಡಬೇಕೆನ್ನುವುದು. ಇದಕ್ಕೆ ವಿರುದ್ಧವಾಗಿ, ಕಣ್ಣು ಆಡಿಸಿದಾಗಲೆಲ್ಲ ಹುರುಳಿಕಾಳಿನಾಕಾರದ ಕಪ್ಪು ನೆರಳು ಬಂದು ಹೋಗುತ್ತಿದ್ದರೆ ಕಣ್ಣು ತೀರ ಒಳಗಿದೆ. ಐಕಪ್ ಒಂದು ಮೆಟ್ಟಿಲು ಎತ್ತಿ ನೋಡಿ. ಪೂರ್ತಿ ಎತ್ತಿದ ಮೇಲೂ ನೆರಳು ಹೋಗದಿದ್ದರೆ ಆ ಮಾದರಿ ನಿಮ್ಮ ಮುಖಕ್ಕಲ್ಲ.

ಮುಂದಿನದು ಡಯಾಪ್ಟರ್. ಇದನ್ನು ಹೊಂದಿಸದೆ ‘ಚಿತ್ರ ಹರಿತವಿಲ್ಲ’ ಎನ್ನುವುದು ಪರೀಕ್ಷೆಯಲ್ಲಿ ಆಗುವ ಅತಿ ಸಾಮಾನ್ಯ ತಪ್ಪು. ಕಾರಣ, ಹಿಂದಿನ ಗ್ರಾಹಕರು ತಮ್ಮ ಕಣ್ಣಿಗೆ ತಿರುಗಿಸಿ ಹೋಗಿರುತ್ತಾರೆ. ಬಲ ಮುಂಭಾಗದ ಲೆನ್ಸನ್ನು ಅಂಗೈಯಿಂದ ಮುಚ್ಚಿ, ಎರಡೂ ಕಣ್ಣು ತೆರೆದೇ ಇಟ್ಟು, ಇಪ್ಪತ್ತು ಮೂವತ್ತು ಮೀಟರ್ ದೂರದ ಬರಹವನ್ನು ನಡುವಿನ ಚಕ್ರದಿಂದ ಎಡಗಣ್ಣಿಗೆ ಹರಿತಗೊಳಿಸಿ. ಈಗ ಎಡ ಲೆನ್ಸ್ ಮುಚ್ಚಿ, ಚಕ್ರ ಮುಟ್ಟದೆ, ಡಯಾಪ್ಟರ್ ಉಂಗುರ ತಿರುಗಿಸಿ ಬಲಗಣ್ಣಿಗೆ ಹೊಂದಿಸಿ. ಕೆಲವು ಮಾದರಿಗಳಲ್ಲಿ ಈ ಉಂಗುರ ನಡುವಿನ ಚಕ್ರದಲ್ಲೇ ಇರುತ್ತದೆ. ಕಣ್ಣನ್ನು ಬಿಗಿಯಾಗಿ ಮುಚ್ಚಿದರೆ ಇನ್ನೊಂದು ಕಣ್ಣೂ ಕಿರಿದಾಗಿ ಲೆಕ್ಕ ತಪ್ಪುತ್ತದೆ, ಅದಕ್ಕೇ ಅಂಗೈ. ಹೊಂದಿಸಿದ ಉಂಗುರ ಚೀಲಕ್ಕೆ ಉಜ್ಜಿದರೆ ತಾನೇ ತಿರುಗುವಷ್ಟು ಸಡಿಲವಿದೆಯೇ ಎಂದೂ ಬೆರಳಿನಿಂದ ನೋಡಿ.

ಫೋಕಸ್ ಚಕ್ರವನ್ನು ತೋರುಬೆರಳೊಂದರಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ಎಲ್ಲ ಕಡೆ ಒಂದೇ ಬಿಗಿ ಇರಬೇಕು. ದಿಕ್ಕು ಬದಲಿಸಿದಾಗ ಚಕ್ರ ತಿರುಗಿದರೂ ಚಿತ್ರ ಕದಲದ ಖಾಲಿ ಓಟವಿದ್ದರೆ ಹಾರುವ ಹಕ್ಕಿಯ ಮೇಲೆ ಅದು ಪ್ರತಿ ಸಲ ಕಾಡುತ್ತದೆ. ನಿಮ್ಮ ಪಾದರಕ್ಷೆಯ ತುದಿಯನ್ನೇ ನೋಡಿ. ನಿಂತವರ ಕಣ್ಣಿನಿಂದ ಪಾದಕ್ಕೆ ಸುಮಾರು ಒಂದೂವರೆ ಮೀಟರ್, ಅಲ್ಲಿ ಹರಿತವಾದರೆ ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳನ್ನೂ ನೋಡಬಹುದು. ಬರೀ ಹಕ್ಕಿಗೆ 2ರಿಂದ 2.5 ಮೀಟರ್ ಸಾಕು. ದೂರದೃಷ್ಟಿ ಮಂದವಿದ್ದು ಕನ್ನಡಕ ತೆಗೆದು ನೋಡುವವರು ಇನ್ನೊಂದನ್ನು ಗಮನಿಸಬೇಕು. ಅನಂತ ದೂರ ಹರಿತವಾದ ಮೇಲೂ ಚಕ್ರ ಇನ್ನಷ್ಟು ತಿರುಗಬೇಕು. ಕನ್ನಡಕ ಹಾಕಿ ನೋಡಿದಾಗಲೇ ಅನಂತಕ್ಕೆ ಚಕ್ರ ತುದಿ ಮುಟ್ಟಿದರೆ, ಕನ್ನಡಕ ತೆಗೆದಾಗ ದೂರದ ಹದ್ದು ಎಂದೂ ಹರಿತವಾಗುವುದಿಲ್ಲ.

ಹೊರಗಿನ ಬೆಳಕಿನಲ್ಲಿ

ಮೂರು ಉಳಿದ ಮೇಲೆ ಬಾಗಿಲಾಚೆ ಬನ್ನಿ. ಸಾಧ್ಯವಾದರೆ ಜೊತೆಗೆ ಬಂದವರಿಗೆ ಬೆಲೆಯ ಚೀಟಿ ಮುಚ್ಚಿ ಒಂದೊಂದಾಗಿ ಕೊಡಲು ಹೇಳಿ. ಬೆಲೆ ಗೊತ್ತಾದ ಕಣ್ಣು ದುಬಾರಿಯದರಲ್ಲಿ ಗುಣ ಹುಡುಕುತ್ತದೆ.

ಮೊದಲು ಎರಡು ಕೊಳವೆಗಳು ಒಂದೇ ಕಡೆ ನೋಡುತ್ತಿವೆಯೇ ಎಂಬುದು, ಅಂದರೆ ಕೊಲಿಮೇಷನ್. ಸೂರಿನ ಅಂಚು ಅಥವಾ ವಿದ್ಯುತ್ ತಂತಿಯಂಥ ಅಡ್ಡ ಗೆರೆಯನ್ನು ನೋಡುತ್ತಾ ದುರ್ಬೀನನ್ನು ಕಣ್ಣಿನಿಂದ ನಿಧಾನವಾಗಿ ಹತ್ತು ಹದಿನೈದು ಸೆಂಟಿಮೀಟರ್ ಮುಂದಕ್ಕೆ ಸರಿಸಿ. ಎರಡು ಬೆಳಕಿನ ವೃತ್ತಗಳಲ್ಲೂ ಗೆರೆ ಒಂದೇ ಎತ್ತರದಲ್ಲಿ ಮುಂದುವರಿಯಬೇಕು. ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಇದ್ದರೆ ಅಲ್ಲೇ ವಾಪಸ್ ಕೊಡಿ. ಅಡ್ಡಡ್ಡ ವ್ಯತ್ಯಾಸವನ್ನು ಕಣ್ಣಿನ ಸ್ನಾಯುಗಳು ಒಂದಿಷ್ಟು ಸರಿಪಡಿಸಿಕೊಳ್ಳುತ್ತವೆ, ಮೇಲೆ ಕೆಳಗಿನದನ್ನು ತಾಳುವುದು ಬಹಳ ಕಡಿಮೆ. ಐದು ನಿಮಿಷ ನೋಡಿ ದುರ್ಬೀನು ಇಳಿಸಿದಾಗ ಕಣ್ಣು ಎಳೆದಂತಾದರೆ, ಹಣೆಯ ನಡುವೆ ಬಿಗಿ ಬಂದರೆ ಇದೇ ಕಾರಣ ಇರಬಹುದು. ಬಿದ್ದು ಪೆಟ್ಟು ತಿಂದ ಪ್ರದರ್ಶನ ತುಣುಕುಗಳಲ್ಲಿ ಈ ದೋಷ ಹೆಚ್ಚು. ಪಟ್ಟು ಹೆಚ್ಚು ಕಡಿಮೆ ಮಾಡುವ ಜೂಮ್ ಬೈನಾಕ್ಯುಲರ್‌ಗಳಲ್ಲಿ ಎರಡು ಕೊಳವೆಗಳೂ ಉದ್ದಕ್ಕೂ ಒಟ್ಟಿಗೆ ಸಾಲಾಗಿರುವುದು ಕಷ್ಟ, ನೋಟವೂ ಕಿರಿದು. ಹಕ್ಕಿಗಾಗಿ ಅವುಗಳತ್ತ ಹೋಗುವುದೇ ಬೇಡ.

ಆಮೇಲೆ ಬಣ್ಣದ ಅಂಚು. ಬೆಳ್ಳನೆಯ ಮೋಡದ ಮುಂದಿನ ಒಣ ಕೊಂಬೆಯೋ ಕಾಗೆಯೋ ಸಿಕ್ಕರೆ ಸಾಕು. ಅದನ್ನು ನೋಟದ ನಡುವಿಗಿಟ್ಟು, ನಂತರ ಅಂಚಿಗೆ ಸರಿಸಿ. ಒಂದು ಬದಿ ನೇರಳೆ, ಇನ್ನೊಂದು ಬದಿ ಹಸಿರು ಗೆರೆ ಕಂಡರೆ ಅದು ವರ್ಣದೋಷ. ಅಂಚಿನಲ್ಲಿ ತುಸು ಇರುವುದು ಬಹುತೇಕ ಎಲ್ಲದರಲ್ಲೂ ಸಹಜ. ನಡುವಿನಲ್ಲೇ ಕಂಡರೆ ಕೂಡಲೇ ಗಾಜನ್ನು ದೂರಬೇಡಿ. ಕೊಳವೆಗಳ ಅಂತರ ನಿಮ್ಮ ಪಾಪೆಗೆ ಸರಿಹೊಂದದೆ ಕಣ್ಣು ಒಂದು ಬದಿಗೆ ಸರಿದಿದ್ದರೂ ಹೀಗೆ ಕಾಣುತ್ತದೆ. ಮತ್ತೆ ಹೊಂದಿಸಿ ನೋಡಿ, ಆಗಲೂ ಇದ್ದರೆ ಅದು ಗಾಜಿನದೇ.

ಹರಿತವನ್ನು ಅಳೆಯಲು ತಂದ ಮುದ್ರಿತ ಹಾಳೆಯನ್ನು ಗೋಡೆಗೆ ಅಂಟಿಸಿ, ಹದಿನೈದು ಇಪ್ಪತ್ತು ಹೆಜ್ಜೆ ಹಿಂದೆ ಬನ್ನಿ. ಅಕ್ಷರ ಓದಲಾಗುವ ಕೊನೆಯ ಹೆಜ್ಜೆ ಯಾವುದು ಎಂದು ಪ್ರತಿಯೊಂದಕ್ಕೂ ಎಣಿಸಿ. ದುರ್ಬೀನನ್ನು ಬೇಲಿ ಕಂಬಕ್ಕೋ ಕಾರಿನ ಮೇಲ್ಛಾವಣಿಗೋ ಒತ್ತಿ ಹಿಡಿಯಿರಿ. ಕೈಯಲ್ಲಿ ಹಿಡಿದು ಹೋಲಿಸಿದರೆ ನೀವು ಅಳೆಯುವುದು ಕೈಯ ನಡುಕವನ್ನು. ಹಾಗೆಂದು ನಡುಕವನ್ನು ಅಳೆಯುವುದೂ ಬೇಕು, ಅದನ್ನು ಬೇರೆಯಾಗಿ ಮಾಡಿ. 8 ಪಟ್ಟಿನದನ್ನೂ 10 ಪಟ್ಟಿನದನ್ನೂ ತಲಾ ಎರಡು ನಿಮಿಷ ಮೇಲಿನ ಕೊಂಬೆಗೆ ಎತ್ತಿ ಹಿಡಿಯಿರಿ. 10ರಲ್ಲಿ ಹಕ್ಕಿ ದೊಡ್ಡದಾಗಿ ಕಾಣುವುದು ನಿಜ, ನಡುಕವೂ ಅಷ್ಟೇ ದೊಡ್ಡದಾಗುತ್ತದೆ. ಕೈ ಸ್ಥಿರವಿಲ್ಲದಿದ್ದರೆ 10ರ ಹೆಚ್ಚುವರಿ ವಿವರ ಆ ನಡುಕದಲ್ಲೇ ಕರಗುತ್ತದೆ. ಮೊದಲ ದುರ್ಬೀನಿಗೆ ನಾವು 8ನ್ನೇ ಹೇಳುತ್ತೇವೆ.

ರೂಫ್ ಪ್ರಿಸಂ ಇರುವ, ನೇರ ಕೊಳವೆಯ ಮಾದರಿಗಳಲ್ಲಿ ಫೇಸ್ ಕೋಟಿಂಗ್ ಎಂಬ ಪ್ರಿಸಂ ಲೇಪ ಇದೆಯೇ ಎಂದು ವಿವರಪಟ್ಟಿಯಲ್ಲಿ ನೋಡಿ. ಜರ್ಮನಿಯ ಝೈಸ್ ಕಂಪನಿ 1988ರಲ್ಲಿ ತಂದ ಈ ಲೇಪ ಈಗ ಅಗ್ಗದ ಮಾದರಿಗಳಿಗೂ ಇಳಿದಿದೆ. ಇಲ್ಲದಿದ್ದರೆ ಗರಿಯ ಮೇಲಿನ ಸಣ್ಣ ಗೆರೆಗಳು ಕಲಸಿದಂತೆ ಕಾಣುತ್ತವೆ. ಬಣ್ಣದ ಛಾಯೆ ತಿಳಿಯಲು ದುರ್ಬೀನನ್ನು ಹಿಂದುಮುಂದಾಗಿ ಹಿಡಿದು ದೊಡ್ಡ ಲೆನ್ಸಿನ ಕಡೆಯಿಂದ ಬಿಳಿ ಹಾಳೆಯನ್ನು ನೋಡಿ: ಹಳದಿಯೋ ಹಸಿರೋ ಕೆಂಪೋ ತಿರುಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಎದುರು ಬಿಸಿಲಿನ ಪರೀಕ್ಷೆ ಕೆಲವರು ಮಾಡುವುದೇ ಇಲ್ಲ, ಅಗ್ಗದ್ದಕ್ಕೂ ಒಳ್ಳೆಯದಕ್ಕೂ ಅಂತರ ಎದ್ದು ಕಾಣುವುದು ಮಾತ್ರ ಇಲ್ಲೇ. ಸೂರ್ಯ ಕಟ್ಟಡದ ಹಿಂದೆ ಪೂರ್ತಿ ಮರೆಯಾಗುವಂತೆ ನೆರಳಲ್ಲಿ ನಿಂತು, ಅದರ ದಿಕ್ಕಿಗೇ ಇರುವ ಕಪ್ಪು ಮರಗಳ ಗುಂಪನ್ನು ನೋಡಿ. ಅಪ್ಪಿತಪ್ಪಿಯೂ ಸೂರ್ಯನತ್ತ ಹೊರಳಿಸಬೇಡಿ, ಕ್ಷಣಮಾತ್ರಕ್ಕೆ ಕಣ್ಣಿಗೆ ಶಾಶ್ವತ ಹಾನಿಯಾಗುತ್ತದೆ. ಕಪ್ಪು ಕಪ್ಪಾಗಿಯೇ ಉಳಿದರೆ ಒಳಗಿನ ಬಣ್ಣ, ತಡೆಗಳು ಸರಿಯಾಗಿವೆ. ಬೂದು ತೆರೆ ಕವಿದರೆ, ಕೆಳ ಅಂಚಿನಲ್ಲಿ ಬಿದಿಗೆ ಚಂದ್ರನಂತೆ ಬೆಳಕು ಹೊಳೆದರೆ ಕೊಳವೆಯೊಳಗೆ ಬೆಳಕು ಚದುರುತ್ತಿದೆ. ಬೆಳಗ್ಗೆ ಸಂಜೆ ಕೆರೆಯ ಹೊಳಪಿನ ಮೇಲೆ ಬಾತುಗಳನ್ನು ನೋಡುವವರಿಗೆ ಇದು ಅಂಚಿನ ಹರಿತಕ್ಕಿಂತ ಮುಖ್ಯ.

ಮರಗಳ ಸಾಲಿನುದ್ದಕ್ಕೂ ನಿಧಾನವಾಗಿ ದುರ್ಬೀನು ಸರಿಸುತ್ತಾ ಹೋಗಿ. ಕೆಲವು ಮಾದರಿಗಳಲ್ಲಿ, ಅದರಲ್ಲೂ ಅಂಚಿನವರೆಗೆ ಗೆರೆಗಳನ್ನು ನೇರವಾಗಿ ಇಡುವಂಥವುಗಳಲ್ಲಿ, ದೃಶ್ಯ ಚೆಂಡಿನ ಮೇಲೆ ಉರುಳಿದಂತೆ ಅನಿಸುತ್ತದೆ. ಒಬ್ಬರಿಗೆ ಗೊತ್ತೇ ಆಗದು, ಇನ್ನೊಬ್ಬರಿಗೆ ಹೊಟ್ಟೆ ತೊಳಸುತ್ತದೆ. ಇದನ್ನು ಯಾವ ವಿಮರ್ಶೆಯೂ ನಿಮ್ಮ ಪರವಾಗಿ ಹೇಳಲಾರದು.

ಕೊನೆಗೆ ಮುಸ್ಸಂಜೆ. ಮುಂದಿನ ಲೆನ್ಸಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ: 8×42ಕ್ಕೆ 5.25 ಮಿಲಿಮೀಟರ್, 10×42ಕ್ಕೆ 4.2, 8×32ಕ್ಕೆ 4, 8×25ಕ್ಕೆ ಮೂರು ಚಿಲ್ಲರೆ. ಸುಡುಬಿಸಿಲಲ್ಲಿ ನಮ್ಮ ಪಾಪೆ 2, 3 ಮಿಲಿಮೀಟರಿಗೆ ಕುಗ್ಗಿರುವುದರಿಂದ ಈ ನಾಲ್ಕೂ ಒಂದೇ ಪ್ರಕಾಶದಲ್ಲಿ ಕಾಣುತ್ತವೆ. ಮಧ್ಯಾಹ್ನ ಪರೀಕ್ಷಿಸಿ ‘ಚಿಕ್ಕದೂ ಇಷ್ಟೇ ಬೆಳಕು ಕೊಡುತ್ತದಲ್ಲ’ ಎಂದು 8×25 ಕೊಂಡವರು ಮುಂಜಾನೆಯ ಕಾಡಿನಲ್ಲಿ ಪರದಾಡುತ್ತಾರೆ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷದ ಮೇಲೆ ಪೊದೆಯ ಒಳಭಾಗವನ್ನು ನೋಡಿ ಹೋಲಿಸಿ. ವಯಸ್ಸಾದಂತೆ ಪಾಪೆ ಹಿಗ್ಗುವುದು ಕಡಿಮೆಯಾಗುತ್ತದೆ, ಹಾಗಾಗಿ ಅರವತ್ತು ದಾಟಿದವರಿಗೆ 5 ಮಿಲಿಮೀಟರಿಗಿಂತ ದಪ್ಪದ ಕಂಬದಿಂದ ಹೆಚ್ಚು ಲಾಭವಿಲ್ಲದಿರಬಹುದು. ಅಂಥವರು ಹಗುರವಾದದ್ದನ್ನೇ ಆರಿಸಿಕೊಳ್ಳಬಹುದು.

ಸ್ಕೋಪಿಗೆ ಬೇರೆಯ ಕಣ್ಣು ಬೇಕು

ಬೈನಾಕ್ಯುಲರ್‌ನಲ್ಲಿ ಮರೆಯಾಗುವ ದೋಷಗಳು ಸ್ಕೋಪಿನಲ್ಲಿ ಮರೆಯಾಗುವುದಿಲ್ಲ. ಒಂದೇ ಮಾದರಿಯ ಎರಡು ತುಣುಕುಗಳ ನಡುವೆಯೂ ವ್ಯತ್ಯಾಸ ಇರುತ್ತದೆ. ಆದ್ದರಿಂದ ಮಾದರಿಯನ್ನಲ್ಲ, ತುಣುಕನ್ನು ಪರೀಕ್ಷಿಸಿ.

ಹೊತ್ತು ಮುಖ್ಯ. ಸೂರ್ಯ ಹುಟ್ಟಿದ ಮೊದಲ ಒಂದೆರಡು ಗಂಟೆ, ಇಲ್ಲವೇ ಮೋಡ ಕವಿದ ದಿನ. ನೆಲ ಕಾದ ಮೇಲೆ ಏಳುವ ಬಿಸಿಗಾಳಿ 60 ಪಟ್ಟಿನಲ್ಲಿ ಎಲ್ಲ ಸ್ಕೋಪನ್ನೂ ಸಮನಾಗಿ ಕೆಡಿಸುತ್ತದೆ. ಮಧ್ಯಾಹ್ನವೇ ಅನಿವಾರ್ಯವಾದರೆ ಗುರಿಯನ್ನು 30ರಿಂದ 50 ಮೀಟರಿನ ಒಳಗೆ, ನೆರಳಿನಲ್ಲಿ ಇಟ್ಟುಕೊಳ್ಳಿ. ಕಾರಿನ ಬಾನೆಟ್, ಡಾಂಬರು, ತಗಡಿನ ಸೂರು ಇವುಗಳ ಮೇಲಿಂದ ನೋಟ ಹಾಯಬಾರದು.

ಟ್ರೈಪಾಡ್ ಮೇಲೆ ಕೂರಿಸಿ, ಬೆರಳಿನಿಂದ ಮೆಲ್ಲಗೆ ತಟ್ಟಿ, ಚಿತ್ರ ನಿಲ್ಲಲು ಎಷ್ಟು ಸೆಕೆಂಡು ಬೇಕು ಎಣಿಸಿ. ಒಂದೆರಡರಲ್ಲಿ ನಿಲ್ಲಬೇಕು. ನಾಲ್ಕೈದು ಹಿಡಿದರೆ ಟ್ರೈಪಾಡ್ ಬದಲಿಸಿ ಕೇಳಿ, ಅದರ ಮೇಲೆ ಸ್ಕೋಪನ್ನು ತೂಗುವುದು ಅನ್ಯಾಯ. ಈಗ 20 ಅಥವಾ 25 ಪಟ್ಟಿನಲ್ಲಿ ಹರಿತಗೊಳಿಸಿ, 60ಕ್ಕೆ ಏರಿಸಿ, ಮತ್ತೆ ನಯವಾಗಿ ಹೊಂದಿಸಿ. 80 ಮಿಲಿಮೀಟರ್ ಸ್ಕೋಪಿನಲ್ಲಿ 60 ಪಟ್ಟಿಗೆ ಬೆಳಕಿನ ಕಂಬ 1.3 ಮಿಲಿಮೀಟರಿಗೆ ಇಳಿಯುವುದರಿಂದ ಚಿತ್ರದ ಬೆಳಕು ಕುಗ್ಗುವುದು ಸಹಜ. ಆದರೆ ಮೆತ್ತಗಾಗಬಾರದು. ಫೋಕಸ್ ಹಿಂದೆ ಮುಂದೆ ಮಾಡಿದಾಗ ‘ಇದೇ’ ಎನ್ನುವ ಒಂದು ಬಿಂದು ಥಟ್ಟನೆ ಸಿಗಬೇಕು. ಇದೋ ಅದೋ ಎಂದು ಬೆರಳು ಅಲೆದಾಡುತ್ತಲೇ ಇದ್ದರೆ ಆ ತುಣುಕು ಒಳ್ಳೆಯದಲ್ಲ.

ಇನ್ನೂ ಗಟ್ಟಿ ಪರೀಕ್ಷೆ ಬೇಕಾದವರು ದೂರದಲ್ಲಿ ಬಿಸಿಲು ಬಿದ್ದು ಮಿನುಗುವ ಒಂದು ಪುಟ್ಟ ಹೊಳಪನ್ನು ಹುಡುಕಿ. ನುಣುಪಾದ ಪಿಂಗಾಣಿ ಇನ್ಸುಲೇಟರ್, ಸಣ್ಣ ಉಕ್ಕಿನ ಗುಂಡು ಇದ್ದರೆ ಸಾಕು, ರಾತ್ರಿಯಾದರೆ ನಕ್ಷತ್ರ. ಅತಿ ಹೆಚ್ಚು ಪಟ್ಟಿನಲ್ಲಿ ಹರಿತಗೊಳಿಸಿ, ಫೋಕಸನ್ನು ತುಸು ಒಳಗೆ, ನಂತರ ಅಷ್ಟೇ ಹೊರಗೆ ಸರಿಸಿ. ಎರಡೂ ಕಡೆ ದುಂಡಗಿನ ಉಂಗುರಗಳು ಹೆಚ್ಚುಕಡಿಮೆ ಒಂದೇ ರೀತಿ ಕಾಣಬೇಕು. ಒಂದು ಕಡೆ ಉದ್ದುದ್ದ, ಇನ್ನೊಂದು ಕಡೆ ಅಡ್ಡಡ್ಡ ಮೊಟ್ಟೆಯಾಕಾರವಾದರೆ ಅಸ್ಟಿಗ್ಮ್ಯಾಟಿಸಂ. ಅದು ನಿಮ್ಮ ಕಣ್ಣಿನದೋ ಗಾಜಿನದೋ ತಿಳಿಯಲು ತಲೆಯನ್ನು ಓರೆ ಮಾಡಿ ನೋಡಿ. ಮೊಟ್ಟೆ ತಲೆಯ ಜೊತೆ ತಿರುಗಿದರೆ ಕಣ್ಣಿನದು, ನಿಂತಲ್ಲೇ ನಿಂತರೆ ಸ್ಕೋಪಿನದು.

ಬಾಗಿದ ಐಪೀಸಿನ ಸ್ಕೋಪು, ನೇರ ಐಪೀಸಿನದು ಎರಡನ್ನೂ ಬಳಸಿ ನೋಡಿ. ಎತ್ತರ ಬೇರೆಬೇರೆ ಇರುವವರು ಸರದಿಯಲ್ಲಿ ನೋಡುವ ಗುಂಪಿಗೆ ಬಾಗಿದ್ದು ಅನುಕೂಲ, ಟ್ರೈಪಾಡೂ ಗಿಡ್ಡ ಸಾಕು. ಕಾರಿನ ಕಿಟಕಿಯಿಂದ ನೋಡುವವರಿಗೆ, ಹಾರುವ ಹಕ್ಕಿಯನ್ನು ಬೇಗ ಹಿಡಿಯಬೇಕಾದವರಿಗೆ ನೇರವಾದದ್ದು ಹಿತ.

ಜಾಗವೇ ಇಲ್ಲದವರಿಗೆ

ಆನ್‌ಲೈನಿನಲ್ಲಿ ತರಿಸಿ ಪರೀಕ್ಷಿಸುವವರು ಆರ್ಡರ್ ಮಾಡುವ ಮೊದಲೇ ಹಿಂದಿರುಗಿಸುವ ನಿಯಮವನ್ನು ಅಕ್ಷರ ಅಕ್ಷರ ಓದಬೇಕು. ಎಷ್ಟು ದಿನ, ದಿನದ ಎಣಿಕೆ ಆರ್ಡರ್‌ನಿಂದಲೋ ಕೈಸೇರಿದ ದಿನದಿಂದಲೋ, ತೆರೆದ ಡಬ್ಬಿಯನ್ನು ತೆಗೆದುಕೊಳ್ಳುತ್ತಾರೆಯೇ, ಬರೀ ಬದಲಿ ಕೊಡುತ್ತಾರೋ ಹಣ ಕೊಡುತ್ತಾರೋ, ಸಾಗಣೆ ಯಾರದು. ಇದರಲ್ಲಿ ಯಾವುದಕ್ಕೂ ಬರಹದಲ್ಲಿ ಸ್ಪಷ್ಟ ಉತ್ತರವಿಲ್ಲದಿದ್ದರೆ ಬೇರೆ ಮಾರಾಟಗಾರರನ್ನು ನೋಡಿ. ಡಬ್ಬಿ ಬಿಚ್ಚುವುದನ್ನು ವೀಡಿಯೊ ಮಾಡಿ, ಕ್ರಮಸಂಖ್ಯೆ ಕಾಣುವಂತೆ. ಮುಚ್ಚಳ, ಪಟ್ಟಿ, ಪ್ಲಾಸ್ಟಿಕ್ ಹೊದಿಕೆ ಯಾವುದನ್ನೂ ಬಿಸಾಡಬೇಡಿ. ಕೊರಳ ಪಟ್ಟಿಯನ್ನು ಮೊದಲ ದಿನವೇ ಪೋಣಿಸದೆ ಹಳೆಯ ಪಟ್ಟಿಯೊಂದನ್ನು ಹಾಕಿ ಬಳಸಿ. ಮೊದಲ ದಿನ ಮುಖಕ್ಕೆ ಕೂರುವುದು ಮತ್ತು ಕೊಲಿಮೇಷನ್, ಎರಡನೆಯ ದಿನ ಬೆಳಗ್ಗೆ ಹೊರಗಿನ ಪರೀಕ್ಷೆಗಳು, ಅಂದೇ ಮುಸ್ಸಂಜೆ ಬೆಳಕಿನದು. ಮೂರನೆಯ ದಿನ ಎರಡು ಗಂಟೆ ಕೊರಳಿಗೆ ಹಾಕಿಕೊಂಡು ನಡೆದರೆ 8×42ರ 600 ಗ್ರಾಂಗೂ 850 ಗ್ರಾಂಗೂ ಇರುವ ವ್ಯತ್ಯಾಸ ಕತ್ತಿಗೆ ತಿಳಿಯುತ್ತದೆ. ಈ ಮೂರು ದಿನವೂ ಮಳೆ, ಮರಳು, ಕಡಲ ತೀರ ಬೇಡ. ಒಂದು ಗೀರು ಬಿದ್ದರೂ ವಾಪಸ್ ಹೋಗುವುದಿಲ್ಲ.

ಹಳೆಯದನ್ನು ಕೊಳ್ಳುವವರು ಸಣ್ಣ ಟಾರ್ಚನ್ನು ದೊಡ್ಡ ಲೆನ್ಸಿನ ಕಡೆಯಿಂದ ಹಾಯಿಸಿ ಒಳಗೆ ನೋಡಬೇಕು. ಟಾರ್ಚಿನ ಬೆಳಕಲ್ಲಿ ಹೊಸ ದುರ್ಬೀನಿನ ಒಳಗೂ ನಾಲ್ಕಾರು ಧೂಳಿನ ಕಣ ಕಂಡೇ ಕಾಣುತ್ತವೆ, ಅವುಗಳಿಂದ ಚಿತ್ರಕ್ಕೆ ತೊಂದರೆಯಿಲ್ಲ. ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಬೂಷ್ಟು, ಗಾಜಿನ ಮೇಲೆ ಹಾಲು ಬಳಿದಂತಿದ್ದರೆ ಒಳಗೆ ತೇವ ಹೋಗಿ ಬಂದಿದೆ. ಎರಡರಲ್ಲಿ ಯಾವುದಿದ್ದರೂ ಕೊಳ್ಳಬೇಡಿ.

ಇನ್ನು ಅಂಗಡಿಯಲ್ಲಿ ಆರಿಸಿದ ಮೇಲೆ ಒಳಗಿನಿಂದ ಹೊಸ ಡಬ್ಬಿ ತಂದುಕೊಟ್ಟರೆ ಅದನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಬರಬೇಡಿ. ನೀವು ಮೆಚ್ಚಿದ್ದು ಬೇರೆ ತುಣುಕು, ಇದು ಬೇರೆ. ಅಲ್ಲೇ ಬಿಚ್ಚಿ, ಅಡ್ಡ ಗೆರೆ, ಫೋಕಸ್ ಚಕ್ರ, ಕೊಂಬೆಯ ಬಣ್ಣದಂಚು ಈ ಮೂರನ್ನು ಇನ್ನೊಮ್ಮೆ ನೋಡಿ, ಐದು ನಿಮಿಷದ ಕೆಲಸ. ಕ್ರಮಸಂಖ್ಯೆ ಬಿಲ್ಲಿನಲ್ಲೂ ಖಾತರಿ ಚೀಟಿಯಲ್ಲೂ ಒಂದೇ ಇದೆಯೇ ಎಂದು ನೋಡಿಕೊಂಡು, ಹಿಂದಿರುಗಿಸಲು ಕೊಟ್ಟ ಕೊನೆಯ ದಿನಾಂಕವನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.